ಅಟ್ಟ ಇಳಿಸುವ ವಾರ

ಯುಗಾದಿ ಹತ್ತಿರ ಬಂತೆಂದರೆ ನಮ್ಮ ಸೀಮೆಯ ಮನೆಗಳು ಅಂಗಳಕ್ಕೆ ಬಂದು ನಿಲ್ಲುತ್ತವೆ. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು, ಯಾವ ತಾಲ್ಲೂಕಿನ ಊರಿಗೆ ಹೋದರೂ ಆ ದಿನಗಳಲ್ಲಿ ಓಣಿಯಲ್ಲಿ ಬೈಕು ದಾಟಿಸುವುದು ಕಷ್ಟ. ಮಂಚ, ತೊಟ್ಟಿಲು, ಟ್ರಂಕು, ಕಾಳಿನ ಡಬ್ಬಿ, ಗೋಡೆಯಿಂದ ಇಳಿಸಿದ ದೇವರ ಫೋಟೊ, ಎಲ್ಲಕ್ಕೂ ಒಂದೇ ಬಿಸಿಲು. ವರ್ಷವಿಡೀ ಬಾಗಿಲ ಹಿಂದೆ ಮಾನವಾಗಿ ಕೂತಿದ್ದ ಸಾಮಾನು ನಾಲ್ಕು ಜನರ ಕಣ್ಣಿಗೆ ಬೀಳುವುದು ಆಗ ಮಾತ್ರ. ಇಷ್ಟೆಲ್ಲ ಈ ಮನೆಯೊಳಗೆ ಹಿಡಿಸಿತ್ತೇ ಎಂದು ನೋಡುವವರಿಗೂ ಅನ್ನಿಸುತ್ತದೆ, ಮನೆಯವರಿಗೂ ಅನ್ನಿಸುತ್ತದೆ. ಸಂಜೆಗೆ ಅದೇ ಸಾಮಾನು ಒಳಗೆ ಹೋಗಿ ಜಾಗ ಇನ್ನೂ ಮಿಕ್ಕಿರುತ್ತದೆ. ಈ ಲೆಕ್ಕ ನನಗೆ ಇಂದಿಗೂ ಬಗೆಹರಿದಿಲ್ಲ.

ಕಸ ಯಾವುದು, ಸಾಮಾನು ಯಾವುದು ಎಂಬ ಜಗಳ ಶುರುವಾಗುವುದು ಅಟ್ಟಕ್ಕೆ ಏಣಿ ಹಾಕಿದ ಮೇಲೆ. ಮೇಲೆ ಹತ್ತಿದವರು ಒಂದೊಂದನ್ನೇ ಕೆಳಗೆ ಕೊಡುತ್ತಾರೆ, ಸೊಸೆ ಅದನ್ನು ಗುಜರಿಯ ಕಡೆ ಇಡುತ್ತಾಳೆ, ಅತ್ತೆ ಎತ್ತಿ ಈ ಕಡೆ ಇಡುತ್ತಾಳೆ. ‘ಇರ್ಲಿ ಬಿಡವ್ವ, ಯಾವತ್ತಾದ್ರೂ ಬೇಕಾಗ್ತೈತಿ.’ ಆ ‘ಯಾವತ್ತಾದರೂ’ ಬಹಳ ಸಲ ಬರುವುದೇ ಇಲ್ಲ. ಆದರೂ ಅತ್ತೆಯ ಮಾತನ್ನು ತಳ್ಳಿಹಾಕಲು ನನಗೆ ಮನಸ್ಸಾಗುವುದಿಲ್ಲ. ಅಟ್ಟದಲ್ಲಿ ಇರುವುದು ಆ ನೆಲದಲ್ಲಿ ಬದುಕಿದವರು ಯಾವುದಕ್ಕೆ ಹೆದರಿದ್ದರು, ಯಾವುದನ್ನು ನೆಚ್ಚಿದ್ದರು ಎಂಬುದರ ಲೆಕ್ಕ.

1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ, ಹೊನ್ನಾಳಿಗಳು ಶಿವಮೊಗ್ಗದಿಂದ ಬಂದವು, ಜಗಳೂರು ಚಿತ್ರದುರ್ಗದಿಂದ. ನ್ಯಾಮತಿ ಆಮೇಲೆ ಹೊನ್ನಾಳಿಯಿಂದ ಬೇರೆಯಾದ ತಾಲ್ಲೂಕು. ಜಿಲ್ಲೆ ಒಂದಾಯಿತು, ಅಟ್ಟಗಳು ಒಂದಾಗಲಿಲ್ಲ. ಸೂಳೆಕೆರೆಯ ನೀರು, ಭದ್ರಾ ನಾಲೆಯ ನೀರು ಕಂಡ ಚನ್ನಗಿರಿಯ ಅಟ್ಟದಿಂದ ಅಡಿಕೆ ಸುಲಿಯುವ ಮೆಟ್ಟುಗತ್ತಿ ಇಳಿಯುತ್ತದೆ, ಬೇಯಿಸುವ ಹಂಡೆ ಇಳಿಯುತ್ತದೆ. ಸುಲಿಯುವ ಯಂತ್ರ ಬಂದ ಮೇಲೆ ಮೆಟ್ಟುಗತ್ತಿಗೆ ಕೆಲಸ ತಪ್ಪಿದೆ. ಬಾಯಿ ಮಾತ್ರ ಹರಿತ, ಮುಟ್ಟುವಾಗ ಜೋಪಾನ.

ಜಗಳೂರಿನ ಕಡೆಯ ಹಳೆಯ ಮನೆಯಲ್ಲಿ ಸಿಗಬಹುದಾದದ್ದು ಪಾತಾಳಗರಡಿ. ಇಂದಿನ ಮಕ್ಕಳಿಗೆ ಅದನ್ನು ತೋರಿಸಿದರೆ ಹಡಗಿನ ಲಂಗರು ಎಂದಾರು. ಕಬ್ಬಿಣದ ಬಳೆಗೆ ಸುತ್ತಲೂ ಕೊಕ್ಕೆಗಳು. ಹಗ್ಗ ಕಟ್ಟಿ ಬಾವಿಗೆ ಇಳಿಬಿಟ್ಟು ತಿರುವಿದರೆ, ಕೈಜಾರಿ ಮುಳುಗಿದ ಕೊಡ ಯಾವುದೋ ಕೊಕ್ಕೆಗೆ ಸಿಕ್ಕಿ ಮೇಲೆ ಬರುತ್ತಿತ್ತು. ಕೇರಿಗೊಂದು ಇದ್ದರೆ ಸಾಕು, ಬೇಕಾದವರು ಕೇಳಿ ಒಯ್ಯುತ್ತಿದ್ದರು. ನೂರಾರು ಅಡಿ ಆಳಕ್ಕೆ ಹೋದ ಬೋರ್‌ವೆಲ್‌ನ ಬಾಯಿ ಒಂದು ಗೇಣೂ ಅಗಲವಿಲ್ಲ. ಅದರಲ್ಲಿ ಕೊಡ ಬೀಳುವುದೂ ಇಲ್ಲ, ಗರಡಿ ಇಳಿಯುವುದೂ ಇಲ್ಲ. ಕೈಗೆತ್ತಿಕೊಂಡಾಗ ಸಂತೋಷ ಕೊಡದ ವಸ್ತುವನ್ನು ಥ್ಯಾಂಕ್ಸ್ ಹೇಳಿ ಕಳಿಸಿಬಿಡಿ ಎಂದು ಜಪಾನಿನ ಮರಿ ಕೊಂಡೊ ಲೋಕಕ್ಕೆಲ್ಲ ಕಲಿಸಿದ್ದಾರೆ. ಒಳ್ಳೆಯ ಮಾತೇ. ಆದರೆ ಪಾತಾಳಗರಡಿ ಯಾವತ್ತೂ ಯಾರಿಗೂ ಸಂತೋಷ ಕೊಡಲೆಂದು ಹುಟ್ಟಿದ್ದಲ್ಲ. ಕತ್ತಲ ನೀರಿನಲ್ಲಿ ಕಳೆದುಹೋದದ್ದನ್ನು ಕಣ್ಣಿಲ್ಲದೆ ಹುಡುಕುವ ಉಪಾಯ ಅದು. ಯಾರಿಗೆ ಹೊಳೆದಿತ್ತೋ!

ಟ್ರಂಕಿನ ತಳದಲ್ಲಿ ಒಮ್ಮೊಮ್ಮೆ ತೂತಿನ ಕಾಸು ಸಿಗುತ್ತದೆ. 1943ರಿಂದ 1947ರವರೆಗೆ ಟಂಕಿಸಿದ ಕಾಲಾಣೆ. ಯುದ್ಧಕಾಲದಲ್ಲಿ ಲೋಹ ಉಳಿಸಲು ನಡುವೆ ತೂತು ಬಿಟ್ಟರು. 1957ರ ಏಪ್ರಿಲ್ 1ರಂದು ರೂಪಾಯಿಗೆ ನೂರು ನಯಾಪೈಸೆ ಎಂದಾದ ಮೇಲೆ ಅಂಗಡಿಯಲ್ಲಿ ಹಳೆಯ ಆಣೆ-ಕಾಸಿನ ಕಾಲ ಮುಗಿಯುತ್ತ ಬಂತು. ಆದರೆ ಲಂಬಾಣಿ ಹೆಣ್ಣುಮಕ್ಕಳು ಹಳೆಯ ನಾಣ್ಯಗಳನ್ನು ಕನ್ನಡಿ ಚೂರಿನ ಜೊತೆ ಉಡುಪಿಗೆ ಸೇರಿಸಿ ಹೊಲಿದಿದ್ದಾರೆ. ಲಂಬಾಣಿಗರ ಸಂತ ಸೇವಾಲಾಲರು ಹುಟ್ಟಿದರೆಂದು ನಂಬುವ ಸೂರಗೊಂಡನಕೊಪ್ಪ ಇರುವುದು ನ್ಯಾಮತಿ ತಾಲ್ಲೂಕಿನಲ್ಲೇ. ಅಲ್ಲಿಯ ಜಾತ್ರೆಯಲ್ಲಿ ಅಂಥ ಉಡುಪು ನೋಡಬಹುದು. ಕೊಳ್ಳುವ ಶಕ್ತಿ ಕಳೆದುಕೊಂಡ ದುಡ್ಡು ಹೀಗೆ ಗಲಗಲ ಎನ್ನುತ್ತ ಕುಣಿಯುವುದನ್ನು ಯಾವ ಖಜಾನೆಯವರು ಎಣಿಸಿದ್ದರು?

ಬಟ್ಟೆಯ ಕಥೆಯೂ ಅದೇ. ಹರಿದ ಸೀರೆ, ಸವೆದ ಧೋತರ ಗಂಟಿನಲ್ಲಿ ಕೂತಿದ್ದು, ಒಂದು ದಿನ ಪದರ ಪದರವಾಗಿ ಕೌದಿಯಾಗುತ್ತವೆ. ಹಬ್ಬಕ್ಕೆ ಮೊದಲು ಹೊನ್ನಾಳಿಯ ಕಡೆ ಆ ಕೌದಿಗಳು ತುಂಗಭದ್ರೆಗೆ ಹೋಗುತ್ತವೆ. ನೀರು ಕುಡಿದ ಕೌದಿಯ ಭಾರ ಎತ್ತಿದವರಿಗೇ ಗೊತ್ತು. ಹಿಂಡಲು ಇಬ್ಬರು ಬೇಕು. ನೀರಿಗೆ ಲೆಕ್ಕವಿರುವ ಜಗಳೂರಿನ ಕಡೆ ಬಿಸಿಲೇ ಅಗಸ, ಕಂಬಳಿ ಕೊಡವಿ ಬಂಡೆಯ ಮೇಲೆ ಹರವಿದರೆ ಮುಗಿಯಿತು. ಇರಾನಿನಲ್ಲೂ ನೌರೂಜ್‌ಗೆ ಮೊದಲು, ಹೆಚ್ಚುಕಡಿಮೆ ಇದೇ ವಾರಗಳಲ್ಲಿ, ರತ್ನಗಂಬಳಿಗಳನ್ನು ಹೊರಗೆಳೆದು ತೊಳೆಯುತ್ತಾರೆ. ನಮ್ಮ ಓಣಿಯ ಯಾರೂ ಅವರಿಗೆ ಹೇಳಿಕೊಟ್ಟವರಲ್ಲ.

ಹಿತ್ತಾಳೆ ತಾಮ್ರಕ್ಕೆ ಹುಣಸೆಹಣ್ಣು. ಹೊಸ ಹುಣಸೆ ಮರದಿಂದ ಇಳಿಯುವ ಕಾಲವೂ ಇದೇ ಆದ್ದರಿಂದ ಮಡಕೆಯಲ್ಲಿ ಕಪ್ಪಾಗಿ ಉಳಿದ ಹಳೆಯದು ಪಾತ್ರೆಗೆ ಬರುತ್ತದೆ. ಅದರ ಹುಳಿಯಲ್ಲಿರುವ ಟಾರ್ಟಾರಿಕ್ ಆಮ್ಲ ತಾಮ್ರದ ಕಿಲುಬನ್ನು ಕರಗಿಸುತ್ತದೆ. ಹುಳಿಗೆ ಒಂದು ಚಿಟಿಕೆ ಉಪ್ಪು ಸೇರಿದರೆ ಕೆಲಸ ಇನ್ನೂ ಚುರುಕು.

ಎಲ್ಲಕ್ಕಿಂತ ನಾನು ಬೆರಗಾಗುವುದು ಸುಣ್ಣಕ್ಕೆ. ಮನೆ ಬರಿದಾದ ಮೇಲೆ ಡ್ರಮ್ಮಿನಲ್ಲಿ ಸುಣ್ಣದ ಹರಳು ಹಾಕಿ ತಣ್ಣೀರು ಹೊಯ್ಯುತ್ತಾರೆ. ಒಂದು ಗಳಿಗೆ ಏನೂ ಇಲ್ಲ. ಆಮೇಲೆ ಗುಳುಗುಳು ಸದ್ದು, ಹಬೆ, ಕೊತಕೊತ ಕುದಿತ. ಕೆಳಗೆ ಒಲೆಯಿಲ್ಲ, ಸೌದೆಯಿಲ್ಲ. ಆ ಉರಿ ಹರಳಿನೊಳಗೇ ಇತ್ತು. ಸುಣ್ಣದ ಕಲ್ಲನ್ನು ಭಟ್ಟಿಯಲ್ಲಿ ಸುಮಾರು 900 ಡಿಗ್ರಿ ಶಾಖಕ್ಕೆ ಸುಟ್ಟಾಗ ಅದರೊಳಗಿನ ಇಂಗಾಲದ ಡೈ ಆಕ್ಸೈಡ್ ಹೊರಟುಹೋಗುತ್ತದೆ. ಆ ಬೆಂಕಿಯ ಒಂದು ಪಾಲನ್ನು ಹರಳು ಹೊಟ್ಟೆಯಲ್ಲಿಟ್ಟುಕೊಂಡು ನೀರಿಗಾಗಿ ಕಾಯುತ್ತದೆ. ತಣಿದ ಸುಣ್ಣಕ್ಕೆ ಅಂಟು, ಚೂರು ನೀಲಿ ಬೆರೆಸಿ ಕತ್ತಾಳೆ ನಾರಿನ ಕುಂಚದಿಂದ ಬಳಿದರೆ ಮೊದಲು ಗೋಡೆ ಒದ್ದೆ ಬೂದಿಯ ಬಣ್ಣ. ಆರುತ್ತಾ ಆರುತ್ತಾ ಕಣ್ಣು ಕೋರೈಸುವ ಬಿಳುಪು. ಅಲ್ಲಿಗೂ ನಿಲ್ಲುವುದಿಲ್ಲ. ಗೋಡೆ ಗಾಳಿಯಿಂದ ಅದೇ ಇಂಗಾಲದ ಡೈ ಆಕ್ಸೈಡನ್ನು ನಿಧಾನವಾಗಿ ಹೀರಿಕೊಂಡು ಮತ್ತೆ ಕಲ್ಲಾಗುತ್ತದೆ. ಅದರಲ್ಲಿ ಮನೆಯವರು ಬಿಟ್ಟ ಉಸಿರೂ ಇದೆ. ಅಡುಗೆಮನೆಯಲ್ಲಿ ಕೂಗಾಡಿದ್ದು, ಕೂಸಿಗೆ ಜೋಗುಳ ಹಾಡಿದ್ದು, ನಿದ್ದೆಯಲ್ಲಿ ಗೊರಕೆ ಹೊಡೆದದ್ದು, ಒಂದಿಷ್ಟು ಗೋಡೆಯ ಪಾಲು.

ಇನ್ನೂ ಹಿಂದಕ್ಕೆ ಹೋಗಬಹುದು. ಪಕ್ಕದ ಚಿತ್ರದುರ್ಗ ಸೀಮೆಯಲ್ಲಿ ವಾಣಿವಿಲಾಸ ಸಾಗರದ ಸುತ್ತಿನ ಹಳೆಯ ಸುಣ್ಣಕಲ್ಲಿನ ಪದರಗಳಲ್ಲಿ ಭೂವಿಜ್ಞಾನಿಗಳು ಸ್ಟ್ರೊಮಾಟೊಲೈಟುಗಳನ್ನು ಗುರುತಿಸಿದ್ದಾರೆ. ಬರಿಗಣ್ಣಿಗೆ ಕಾಣದ ಜೀವಿಗಳು ಆಳವಿಲ್ಲದ ನೀರಿನಲ್ಲಿ ಪದರದ ಮೇಲೆ ಪದರ ಕಟ್ಟಿಕೊಂಡ ದಿಬ್ಬಗಳವು, ವಯಸ್ಸು 250 ಕೋಟಿ ವರ್ಷಕ್ಕೂ ಹೆಚ್ಚು. ಹುಳು, ಮೀನು, ಹುಲ್ಲು ಯಾವುದೂ ಇಲ್ಲದ ಕಾಲದಲ್ಲಿ ಈ ಸೀಮೆಯಲ್ಲಿ ಸುಣ್ಣದ ಗೋಡೆ ಎದ್ದಿತ್ತು!

ಈಗ ಬಹಳ ಮನೆಗಳಿಗೆ ಡಬ್ಬಿಯ ಬಣ್ಣ ಬಂದಿದೆ. ವರ್ಷ ವರ್ಷ ಬಳಿಯುವ ಗೋಳಿಲ್ಲ, ಒರೆಸಿದರೆ ಹೊಳೆಯುತ್ತದೆ. ಸೊಂಟ ನೋವಿನ ಹೆಂಗಸರಿಗೆ ಇದರಿಂದಾದ ಉಪಕಾರವನ್ನು ಅಲ್ಲಗಳೆಯಲಾರೆ. ಆದರೆ ಆ ಪದರ ಪ್ಲಾಸ್ಟಿಕ್ಕಿನ ಬಂಧು, ಕಲ್ಲಾಗಿ ತಿರುಗಲಾರದು. ಹೊಸ ಅಟ್ಟಗಳಲ್ಲಿ ತುಂಬಿರುವುದೂ ಅಂಥವೇ: ಸತ್ತ ಚಾರ್ಜರು, ಕಾಲು ಮುರಿದ ಪ್ಲಾಸ್ಟಿಕ್ ಕುರ್ಚಿ, ಟಿವಿಯ ಜೊತೆ ಬಂದ ಥರ್ಮೋಕೋಲು. ಇವು ಕೌದಿಯಾಗುವುದಿಲ್ಲ, ಗೆಜ್ಜೆಯ ಜೊತೆಗೆ ಕುಣಿಯುವುದಿಲ್ಲ. ಇವುಗಳಿಗೂ ಅತ್ತೆಯರು ‘ಇರ್ಲಿ ಬಿಡವ್ವ’ ಎನ್ನುತ್ತಿದ್ದಾರೆ. ಆ ವಿಷಯದಲ್ಲಿ ನಾನು ಸೊಸೆಯ ಪಕ್ಷ.

ಸುಣ್ಣವನ್ನೇ ಬಳಿಸುವವರಿಗೆ ಒಂದು ಮಾತು. ಗೋಡೆ ಪೂರ್ತಿ ಕಲ್ಲಾಗಲು ವಾರಗಳೇ ಬೇಕು. ಅಲ್ಲಿಯವರೆಗೆ, ಅದರಲ್ಲೂ ಹಬ್ಬದ ದಿನ ಹೊಸ ಅಂಗಿ ತೊಟ್ಟು, ಗೋಡೆಗೆ ಒರಗಿ ಕೂರಬೇಡಿ.