ಕುಡಿಯದ ಸೋಡಾದ ಹಂಬಲ

ಫಿಲಡೆಲ್ಫಿಯಾದ ಮಾರ್ಕೆಟ್ ಸ್ಟ್ರೀಟಿನಲ್ಲಿ ಫ್ರಾಂಕ್ಲಿನ್ ಫೌಂಟನ್ ಎಂಬ ಅಂಗಡಿಯಿದೆ. ಬೋ ಟೈ ಕಟ್ಟಿ, ಕಾಗದದ ಟೋಪಿ ಇಟ್ಟ ಹುಡುಗರು ಗ್ಲಾಸಿಗೆ ಸಿರಪ್ ಬಗ್ಗಿಸಿ, ಹಂಸದ ಕತ್ತಿನಂತೆ ಬಾಗಿದ ನಲ್ಲಿಯಡಿ ಹಿಡಿಯುತ್ತಾರೆ. ಹಳೆಯ ಸೋಡಾ ನಲ್ಲಿಯ ಹಿಡಿಕೆಗೆ ಎರಡು ಗುಣ. ಒಂದು ಕಡೆಗೆ ಎಳೆದರೆ ಸೋಡಾ ದಪ್ಪ ಧಾರೆಯಾಗಿ ಸುರಿದು ಗ್ಲಾಸು ತುಂಬುತ್ತದೆ. ಇನ್ನೊಂದು ಕಡೆಗೆ ತಳ್ಳಿದರೆ ಸಣ್ಣ ಧಾರೆ ರಭಸದಿಂದ ನುಗ್ಗಿ, ತಳದಲ್ಲಿ ಕೂತ ಸಿರಪ್ಪನ್ನು ಕಲಕಿ ನೊರೆ ಎಬ್ಬಿಸುತ್ತದೆ. ಚಮಚದ ಕೆಲಸವೇ ಇಲ್ಲ. ನೋಡಿದವರು ಇದು ನೂರು ವರ್ಷದ ಹಿಂದಿನ ಅಂಗಡಿ, ಹೇಗೋ ಉಳಿದುಕೊಂಡಿದೆ ಅಂದುಕೊಳ್ಳುತ್ತಾರೆ. ಬಾಗಿಲು ತೆರೆದದ್ದು 2004ರಲ್ಲಿ. ತೆರೆದ ಅಣ್ಣತಮ್ಮಂದಿರು ಹುಟ್ಟುವ ಹೊತ್ತಿಗೆ ಸೋಡಾ ಫೌಂಟನ್‌ಗಳ ಕಾಲ ಮುಗಿದೇ ಹೋಗಿತ್ತು.

ಉಂಡದ್ದನ್ನು ನೆನೆಯುವುದು ಸಹಜ. ಉಣ್ಣದ್ದನ್ನು ನೆನೆಯುವುದು ಹೇಗೆ?

ತರ್ಕಸಂಗ್ರಹ ಓದಿದವರ ಬಳಿ ಉತ್ತರ ಸಿದ್ಧವಾಗಿದೆ. ಸಂಸ್ಕಾರದಿಂದ, ಅಂದರೆ ಅನುಭವ ಮನಸ್ಸಿನಲ್ಲಿ ಬಿಟ್ಟ ಅಚ್ಚಿನಿಂದ, ಮಾತ್ರ ಹುಟ್ಟುವ ಜ್ಞಾನ ಸ್ಮೃತಿ. ಸಂಸ್ಕಾರ ಉಳಿಯಬೇಕಾದರೆ ಮೊದಲು ಅನುಭವ ಆಗಿರಬೇಕು. ಆ ಲೆಕ್ಕದಲ್ಲಿ 1990ರಲ್ಲಿ ಹುಟ್ಟಿದವನಿಗೆ 1940ರ ಡ್ರಗ್‌ಸ್ಟೋರಿನ ಸೋಡಾ ಫೌಂಟನ್ನಿನ ನೆನಪು ಇರಲಾರದು. ಅವನಿಗಿರುವುದು ಸಿನಿಮಾದಿಂದಲೋ ಜಾಹೀರಾತಿನಿಂದಲೋ ಬಂದ ಕಲ್ಪನೆ, ಅಷ್ಟೆ. ಆದರೆ ಕಾಳಿದಾಸ ಅಷ್ಟು ಸುಲಭಕ್ಕೆ ಬಿಡುವವನಲ್ಲ. ಶಾಕುಂತಲದ ಐದನೆಯ ಅಂಕದಲ್ಲಿ ಹಂಸಪದಿಕೆ ಒಳಗೆಲ್ಲೋ ಹಾಡುತ್ತಾಳೆ. ಕೇಳಿದ ದುಷ್ಯಂತನಿಗೆ ಸುಮ್ಮಸುಮ್ಮನೆ ಮನಸ್ಸು ಕಲಕುತ್ತದೆ. ಯಾವ ಪ್ರಿಯರನ್ನೂ ತಾನು ಅಗಲಿಲ್ಲವಲ್ಲ, ಹಾಗಾದರೆ ಈ ಹಂಬಲ ಯಾರದು? ಹಿಂದಿನ ಜನ್ಮಗಳ ಒಲವನ್ನು ಮನಸ್ಸು ತನಗೇ ಗೊತ್ತಿಲ್ಲದೆ ನೆನೆಯುತ್ತಿರಬೇಕು ಎಂದು ಅವನು ತೀರ್ಮಾನಿಸುತ್ತಾನೆ. ಇದು ತಾರ್ಕಿಕರು ಹೇಳುವ ಸ್ಮೃತಿಯಲ್ಲ, ಬೇರೆಯೇ ಬಗೆಯದು ಎಂದು ಕಾವ್ಯಮೀಮಾಂಸಕ ಅಭಿನವಗುಪ್ತ ಆ ಪದ್ಯವನ್ನು ರಸದ ಚರ್ಚೆಗೆ ಎಳೆದುಕೊಂಡ. ಸೋಡಾ ಫೌಂಟನ್ನಿನ ಹಂಬಲವನ್ನೂ ಈ ಎರಡನೆಯ ಲೆಕ್ಕಕ್ಕೆ ಸೇರಿಸಬಹುದೇ?

ಸೇರಿಸುವ ಮೊದಲು ಆ ಅಂಗಡಿಗಳಲ್ಲಿ ಇದ್ದದ್ದೇನು ಎಂದು ನೋಡಬೇಕು. ಸೋಡಾ ಫೌಂಟನ್‌ಗಳು ಹೆಚ್ಚಾಗಿ ಇದ್ದದ್ದು ಡ್ರಗ್‌ಸ್ಟೋರುಗಳಲ್ಲಿ, ಅಂದರೆ ಔಷಧಿ ಅಂಗಡಿಗಳಲ್ಲಿ. ಔಷಧಿ ಅಂಗಡಿಯಲ್ಲಿ ತಂಪು ಪಾನೀಯ ಏಕೆ? ಯೂರೋಪಿನ ಬುಗ್ಗೆಗಳ ಖನಿಜಜಲಕ್ಕೆ ರೋಗ ವಾಸಿಮಾಡುವ ಗುಣವಿದೆ ಎಂಬ ನಂಬಿಕೆ ಹಳೆಯದು. ಜೋಸೆಫ್ ಪ್ರೀಸ್ಟ್ಲಿ 1767ರಲ್ಲಿ ಲೀಡ್ಸ್‌ನ ಬಿಯರ್ ತಯಾರಿಕೆಯ ತೊಟ್ಟಿಯ ಮೇಲೆ ನೀರಿಟ್ಟು ಅದಕ್ಕೆ ಅನಿಲ ಕೂಡಿಸಿದ. ಈತ ರಸಾಯನಶಾಸ್ತ್ರಜ್ಞನಷ್ಟೇ ಅಲ್ಲ, ಪಾದ್ರಿಯೂ ಹೌದು. ಯೇಲ್‌ನ ರಸಾಯನಶಾಸ್ತ್ರದ ಪ್ರಾಧ್ಯಾಪಕ ಬೆಂಜಮಿನ್ ಸಿಲಿಮನ್ 1806ರಲ್ಲಿ ನ್ಯೂ ಹೇವನ್‌ನಲ್ಲಿ ಸೋಡಾ ನೀರು ಮಾರಲು ಹೊರಟ. ಅಮೃತಶಿಲೆಯ ಚೂರಿಗೆ ಗಂಧಕಾಮ್ಲ ಸುರಿದು ಅನಿಲ ಹುಟ್ಟಿಸುವ ಕಾಲ ಅದು. ಪಾತ್ರೆ ಸಿಡಿಯುವ ಅಪಾಯ ಬೇರೆ. ಅಂಥ ಸಾಮಗ್ರಿಯನ್ನು ಪಳಗಿಸುವ ಕೈ ಇದ್ದದ್ದು ಔಷಧಿ ಮಾರುವವರಿಗೆ. ಕಹಿ ಮದ್ದನ್ನು ಸಿಹಿ ಸಿರಪ್ಪಿನಲ್ಲಿ ಅಡಗಿಸುವ ವಿದ್ಯೆಯೂ ಅವರದೇ. ಡಾಕ್ಟರ್ ಪೆಪ್ಪರ್ ಹುಟ್ಟಿದ್ದು 1885ರಲ್ಲಿ ಟೆಕ್ಸಸ್‌ನ ವೇಕೋ ಊರಿನ ಡ್ರಗ್‌ಸ್ಟೋರಿನಲ್ಲಿ. ಕೋಕಾ ಕೋಲಾ ಮೊದಲ ಸಲ ಗ್ಲಾಸಿಗೆ ಬಿದ್ದದ್ದು 1886ರಲ್ಲಿ ಅಟ್ಲಾಂಟಾದ ಜೇಕಬ್ಸ್ ಫಾರ್ಮಸಿಯಲ್ಲಿ, ಐದು ಸೆಂಟಿಗೆ. ಪೆಪ್ಸಿಯೂ ಔಷಧಿಯವನ ಕೈಗುಣವೇ.

ಇವತ್ತು ಅಮೆರಿಕದ ಧರ್ಮಬೋಧಕರು ಮುಗ್ಧ ಕಾಲದ ಮಾತೆತ್ತಿದರೆ ಡ್ರಗ್‌ಸ್ಟೋರಿನ ಸೋಡಾ ಕೌಂಟರೂ ಪಕ್ಕದ ಕಾಮಿಕ್ಸ್ ಸ್ಟ್ಯಾಂಡೂ ಅದರ ಚಿತ್ರವಾಗಿ ಬರುವುದುಂಟು. ಅವರ ಪೂರ್ವಿಕರಿಗೆ ಎರಡರ ಮೇಲೂ ಗುಮಾನಿ ಇತ್ತು. ಹತ್ತೊಂಬತ್ತನೆಯ ಶತಮಾನದ ಕೊನೆಗೆ ಕೆಲವು ಊರುಗಳಲ್ಲಿ ಸಬ್ಬತ್ತಿನ ದಿನವಾದ ಭಾನುವಾರ ಸೋಡಾ ಮಾರುವುದೇ ನಿಷಿದ್ಧ. ಸೋಡಾ ಬಿಟ್ಟು ಬರೀ ಐಸ್‌ಕ್ರೀಮಿಗೆ ಸಿರಪ್ ಸುರಿದು ಕೊಟ್ಟು ಕಾನೂನಿಗೆ ಚಳ್ಳೆಹಣ್ಣು ತಿನ್ನಿಸಿದವರು ತಾವೇ, ಸಂಡೇ ಎಂಬ ತಿನಿಸು ಹುಟ್ಟಿದ್ದು ಹಾಗೆಯೇ ಎಂದು ಇಲಿನಾಯ್‌ನ ಇವಾನ್‌ಸ್ಟನ್ ಊರು ಹೇಳಿಕೊಳ್ಳುತ್ತದೆ. ನ್ಯೂಯಾರ್ಕ್ ರಾಜ್ಯದ ಇಥಾಕಾದವರು ಒಪ್ಪುವುದಿಲ್ಲ. ಅವರ ಪ್ರಕಾರ 1892ರ ಏಪ್ರಿಲ್ 3ರಂದು ಪ್ರಾರ್ಥನೆ ಮುಗಿಸಿ ಬಂದ ಯೂನಿಟೇರಿಯನ್ ಪಾದ್ರಿಯೊಬ್ಬರಿಗೇ ಔಷಧಿ ಅಂಗಡಿಯವನು ಚೆರಿ ಸಿರಪ್ ಹಾಕಿದ ಐಸ್‌ಕ್ರೀಮ್ ಕೊಟ್ಟ. ಈ ವ್ಯಾಜ್ಯ ಇನ್ನೂ ಇತ್ಯರ್ಥವಾಗಿಲ್ಲ, ಆಗುವುದೂ ಬೇಡ.

ಕಾಮಿಕ್ಸ್‌ಗೆ ಬಂದ ಗತಿ ಇನ್ನೂ ಕಠೋರ. 1938ರಲ್ಲಿ ಸೂಪರ್‌ಮ್ಯಾನ್ ಹೊತ್ತು ಬಂದ ಆ್ಯಕ್ಷನ್ ಕಾಮಿಕ್ಸ್‌ನ ಬೆಲೆ ಹತ್ತು ಸೆಂಟು. ಡ್ರಗ್‌ಸ್ಟೋರಿನ ಮೂಲೆಯಲ್ಲಿ ಗಿರ್ರನೆ ತಿರುಗುವ ತಂತಿಯ ಸ್ಟ್ಯಾಂಡು, ಅದರ ಮುಂದೆ ಕೊಳ್ಳದೆಯೇ ಓದಿ ಮುಗಿಸುವ ಹುಡುಗರು. 1948ರಲ್ಲಿ ನ್ಯೂಯಾರ್ಕ್ ರಾಜ್ಯದ ಬಿಂಗ್‌ಹ್ಯಾಮ್ಟನ್‌ನ ಕ್ಯಾಥೊಲಿಕ್ ಶಾಲೆಯೊಂದರ ಮಕ್ಕಳು ಮನೆಮನೆಗೆ ಹೋಗಿ ಕಾಮಿಕ್ಸ್ ಒಟ್ಟುಮಾಡಿ ಅಂಗಳದಲ್ಲಿ ಬೆಂಕಿಗೆ ಹಾಕಿದರು. 1954ರಲ್ಲಿ ಮನೋವೈದ್ಯ ಫ್ರೆಡ್ರಿಕ್ ವರ್ಥಮ್ ಕಾಮಿಕ್ಸ್‌ನಿಂದ ಮಕ್ಕಳು ಕೆಡುತ್ತಾರೆಂದು ಪುಸ್ತಕ ಬರೆದ. ಸೆನೆಟ್ ವಿಚಾರಣೆ ನಡೆಯಿತು. ಪ್ರಕಾಶಕರು ಹೆದರಿ ತಮಗೆ ತಾವೇ ಸೆನ್ಸಾರ್ ಹಾಕಿಕೊಂಡರು. ಒಂದು ತಲೆಮಾರು ಸುಟ್ಟಿದ್ದಕ್ಕೆ ಮುಂದಿನ ತಲೆಮಾರು ಗಾಜಿನ ಪೆಟ್ಟಿಗೆ ಮಾಡಿಸುತ್ತದೆ.

ಮುಂದೆ ಬಾಟಲಿ ಪಾನೀಯ, ಮನೆಮನೆಗೂ ಫ್ರಿಜ್, ಕಾರಿನಲ್ಲೇ ಕೂತು ತಿನ್ನುವ ಹೋಟೆಲು, ಗಿರಾಕಿಯೇ ಸಾಮಾನು ಎತ್ತಿಕೊಳ್ಳುವ ಅಂಗಡಿ ಬಂದವು. ಫೌಂಟನ್ ಒಣಗಿತು. ಉಳಿದದ್ದು ಆರ್ಚಿ ಕಾಮಿಕ್ಸ್‌ನ ಪಾಪ್ ಟೇಟ್‌ನ ಸೋಡಾ ಅಂಗಡಿ. ಅದು ಬೆಂಗಳೂರಿನ ಬಾಡಿಗೆ ಪುಸ್ತಕದಂಗಡಿಗಳಿಗೂ ಬಂತು. ಮಾಲ್ಟೆಡ್ ಮಿಲ್ಕ್‌ಶೇಕ್ ಹೇಗಿರುತ್ತದೋ ಗೊತ್ತಿಲ್ಲದ ಹುಡುಗ ಹುಡುಗಿಯರೂ ಅದಕ್ಕೆ ಬಾಯಿ ಚಪ್ಪರಿಸಿದರು. 2023ರಲ್ಲಿ ಜೋಯಾ ಅಖ್ತರ್ ಆರ್ಚಿಯ ಊರನ್ನೇ 1964ರ ಭಾರತದ ಕಾಲ್ಪನಿಕ ಗಿರಿಧಾಮವೊಂದಕ್ಕೆ ತಂದು ಸಿನಿಮಾ ಮಾಡಿದರು. ಹಂಬಲಕ್ಕೆ ವೀಸಾ ಬೇಕಿಲ್ಲ.

ಬೈಬಲ್ಲಿಗೆ ಈ ಬಗೆಯ ಹಂಬಲದ ಬಗ್ಗೆ ಅನುಮಾನ ಜಾಸ್ತಿ. ಅರಣ್ಯಕಾಂಡದ ಹನ್ನೊಂದನೆಯ ಅಧ್ಯಾಯದಲ್ಲಿ ಇಸ್ರಾಯೇಲರು ಮರುಭೂಮಿಯಲ್ಲಿ ನಿಂತು ಅಳುತ್ತಾರೆ. ಐಗುಪ್ತದಲ್ಲಿ ಬಿಟ್ಟಿಯಾಗಿ ತಿಂದ ಮೀನು, ಸೌತೆಕಾಯಿ, ಈರುಳ್ಳಿ, ಬೆಳ್ಳುಳ್ಳಿ ಅವರಿಗೆ ನೆನಪಾಗುತ್ತವೆ. ಬಿಟ್ಟಿ! ಅವರು ಅಲ್ಲಿ ಗುಲಾಮರಾಗಿದ್ದರು. ನಾಲಗೆಗೆ ಬೆಳ್ಳುಳ್ಳಿಯ ರುಚಿ ನೆನಪಿದೆ, ಬೆನ್ನಿಗೆ ಚಾಟಿಯ ನೆನಪಿಲ್ಲ. ಹಿಂದಿನ ದಿನಗಳೇ ಚೆನ್ನಾಗಿದ್ದುವಲ್ಲ ಎಂದು ಕೇಳುವುದು ವಿವೇಕವಲ್ಲ ಎಂದು ಪ್ರಸಂಗಿ ಗ್ರಂಥವೂ ಗದರಿಸುತ್ತದೆ.

ಈ ಗದರಿಕೆ ಡ್ರಗ್‌ಸ್ಟೋರಿಗೆ ನೇರವಾಗಿ ತಾಗುತ್ತದೆ. ಕಾನ್ಸಸ್‌ನ ವಿಚಿಟಾ ನಗರದ ಡಾಕಮ್ ಡ್ರಗ್‌ಸ್ಟೋರಿನಲ್ಲಿ ಕಪ್ಪು ಜನರು ಸೋಡಾ ಕೊಳ್ಳಬಹುದಿತ್ತು. ಕೌಂಟರಿನ ತುದಿಯಲ್ಲಿ ನಿಂತು, ಬಿಸಾಡುವ ಲೋಟದಲ್ಲಿ ತೆಗೆದುಕೊಂಡು ಹೊರಗೆ ಹೋಗಬೇಕು. ಅದೇ ಸಿರಪ್, ಅದೇ ನಲ್ಲಿ. ಸ್ಟೂಲಿನ ಮೇಲೆ ಕೂರುವಂತಿಲ್ಲ, ಅಷ್ಟೆ. ಪಂಕ್ತಿಭೇದ ಕಂಡ ನಾಡಿನ ಓದುಗರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. 1958ರ ಜುಲೈ 19ರಂದು ಅಲ್ಲಿನ ಕಪ್ಪು ವಿದ್ಯಾರ್ಥಿಗಳು ಒಪ್ಪವಾಗಿ ಬಟ್ಟೆ ತೊಟ್ಟು ಬಂದು, ಆ ಸ್ಟೂಲುಗಳ ಮೇಲೆ ಕೂತು, ಕೋಕ್ ಕೇಳಿದರು. ಕೊಡಲಿಲ್ಲ. ಮತ್ತೆ ಬಂದರು, ಮತ್ತೆ ಕೂತರು. ಮೂರು ವಾರ ದಾಟಿದ ಮೇಲೆ ವ್ಯಾಪಾರ ಬಿದ್ದುಹೋದ ಮಾಲೀಕ ಸೋತ.

ಇಲ್ಲಿ ದುಷ್ಯಂತ ಮತ್ತೆ ನೆನಪಾಗುತ್ತಾನೆ. ಅವನ ಸಿಹಿಯಾದ ಬೇಗೆಯನ್ನು ಮೆಚ್ಚುವವರು ಅದೇ ಅಂಕದ ಉಳಿದ ಭಾಗವನ್ನು ಮರೆಯುತ್ತಾರೆ. ಹಂಸಪದಿಕೆಯ ಹಾಡು ಜನ್ಮಾಂತರದ ಗಾನವೇನಲ್ಲ. ಒಲಿದು ಮರೆತ ಗಂಡನಿಗೆ ಅಂತಃಪುರದಿಂದ ಬಂದ ಆಕ್ಷೇಪಣೆ. ದೊರೆಗೂ ಅದು ಗೊತ್ತು. ಗೊತ್ತಿದ್ದೂ ರಾಗಕ್ಕೆ ತಲೆದೂಗಿ, ಹಿಂದಿನ ಜನ್ಮದತ್ತ ಹೊರಳುತ್ತಾನೆ. ಅಷ್ಟರಲ್ಲಿ ಬಸುರಿ ಶಕುಂತಲೆ ಬಾಗಿಲಿಗೆ ಬಂದು ನಿಲ್ಲುತ್ತಾಳೆ. ಅವಳನ್ನು ಕಂಡೇ ಇಲ್ಲ ಎನ್ನುತ್ತಾನೆ. ದೂರ್ವಾಸರ ಶಾಪ ನಿಜವೇ. ಆದರೂ ಹಂಬಲ ಮತ್ತು ನಿರಾಕರಣೆ ಒಂದೇ ಮಧ್ಯಾಹ್ನ ಒಬ್ಬನೇ ಮನುಷ್ಯನಲ್ಲಿ ನಡೆಯುವಂತೆ ಕವಿ ಏಕೆ ಜೋಡಿಸಿದ? ಐವತ್ತರ ದಶಕದ ಸೋಡಾ ಅಂಗಡಿಯನ್ನು ನೆನೆದು ಕಣ್ಣು ತೇವ ಮಾಡಿಕೊಳ್ಳುವವರಲ್ಲಿ ಆಗುವುದೂ ಹೆಚ್ಚುಕಡಿಮೆ ಇದೇ. ಹಂಬಲ ಸುಳ್ಳಲ್ಲ. ಅದರ ವಿಳಾಸ ತಪ್ಪಿದೆ.

ಹಾಗಾದರೆ ಹಂಬಲವನ್ನೇ ತಿಪ್ಪೆಗೆ ಎಸೆಯಬೇಕು ಎನ್ನುವ ಕಟ್ಟುನಿಟ್ಟಿನವರಿದ್ದಾರೆ. ಅವರ ಮಾತು ಅರ್ಧ ಮಾತ್ರ ಸರಿ. ಆ ಕೌಂಟರಿನಲ್ಲಿ ಒಳ್ಳೆಯದೇನೂ ಇರದಿದ್ದರೆ ಯುವಕರು ಅದರ ಎದುರು ವಾರಗಟ್ಟಲೆ ಏಕೆ ಕೂರುತ್ತಿದ್ದರು? ಉದ್ದನೆಯ ಹಲಗೆ, ಒಂದೇ ಎತ್ತರದ ಸ್ಟೂಲು, ಯಾರಿಗೂ ಅಗ್ರಾಸನವಿಲ್ಲ. ಐದು ಸೆಂಟು ಇದ್ದವನು ಬ್ಯಾಂಕಿನ ಮ್ಯಾನೇಜರರ ಪಕ್ಕದಲ್ಲೇ ಕೂತು ಹೀರಬಹುದು. ಈ ಒಳಿತಿಗೆ ಅತ್ಯಂತ ನಂಬಬಹುದಾದ ಸಾಕ್ಷಿಗಳು ಅದನ್ನು ಅನುಭವಿಸಿದವರಲ್ಲ, ಅದರಿಂದ ಹೊರಗಿಡಲ್ಪಟ್ಟವರು. ಅವರಿಗೂ ಅದರ ಸಂಸ್ಕಾರ ಇರಲಿಲ್ಲ, ಹಂಬಲ ಇತ್ತು. ಕುಡಿಯದ ಸೋಡಾವನ್ನು ಬಯಸಿದವರು ಫಿಲಡೆಲ್ಫಿಯಾದ ಗಿರಾಕಿಗಳಿಗಿಂತ ಮೊದಲೇ ಇದ್ದರು. ಅವರ ಹಂಬಲ ಮುಂದಕ್ಕೆ ನೋಡುತ್ತಿತ್ತು.

ಲೇಖಕ ಸಿ. ಎಸ್. ಲೂಯಿಸ್ 1941ರಲ್ಲಿ ಆಕ್ಸ್‌ಫರ್ಡಿನಲ್ಲಿ ಮಾಡಿದ ಪ್ರವಚನವೊಂದರಲ್ಲಿ ಈ ಗಂಟನ್ನು ಬೇರೆ ರೀತಿ ಬಿಡಿಸಿದ್ದರು. ಹಳೆಯ ಪುಸ್ತಕ, ಸಂಗೀತ, ಬಾಲ್ಯದ ಚಿತ್ರ ಇವುಗಳ ಮೂಲಕ ಹಂಬಲ ಬರುತ್ತದೆ, ಇವುಗಳೊಳಗೆ ಇರುವುದಿಲ್ಲ. ಇವನ್ನೇ ಗಮ್ಯವೆಂದು ನೆಚ್ಚಿದರೆ ಮೋಸ ಹೋಗುತ್ತೇವೆ. ನಿಜವಾದ ಗಮ್ಯ ದೇವರ ಬಳಿ ಎಂಬುದು ಅವರ ವಾದ. ವಾದ ಸೊಗಸಾಗಿದೆ. ಆದರೆ ವಿಚಿಟಾದ ಹುಡುಗಿಯೊಬ್ಬಳು ಕೇಳಿದ ಕೋಕ್ ಸ್ವರ್ಗದ ಸಂಕೇತವಾಗಿರಲಿಲ್ಲ. ಅವಳಿಗೆ ಬೇಕಿದ್ದದ್ದು ಕೋಕ್, ಗಾಜಿನ ಲೋಟದಲ್ಲಿ, ಕೂತಲ್ಲಿಗೆ.

ಮುಂದಕ್ಕೆ ನೋಡುವ ಈ ಹಂಬಲಕ್ಕೆ ಕಾಮಿಕ್ಸ್ ಕಡೆಯಿಂದಲೂ ಒಂದು ಸಾಕ್ಷಿಯಿದೆ. ಫೆಲೋಶಿಪ್ ಆಫ್ ರಿಕನ್ಸಿಲಿಯೇಷನ್ ಎಂಬ ಶಾಂತಿವಾದಿ ಸಂಸ್ಥೆ 1957ರಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮತ್ತು ಮಾಂಟ್‌ಗೊಮೆರಿಯ ಬಸ್ ಬಹಿಷ್ಕಾರದ ಕಥೆಯನ್ನು ಕಾಮಿಕ್ ಪುಸ್ತಕವಾಗಿ ತಂದಿತು. ಬೆಲೆ ಅದೇ ಹತ್ತು ಸೆಂಟು, ಪುಟ ಹದಿನಾರು, ಒಳಗೆ ಗಾಂಧಿಯೂ ಇದ್ದಾರೆ. ಅದು ಹೆಚ್ಚಾಗಿ ಹಂಚಿಕೆಯಾದದ್ದು ಚರ್ಚು, ಶಾಲೆಗಳ ಮೂಲಕ. ಓದಿದವರಲ್ಲಿ ಮುಂದೆ ಸಂಸದರಾದ ಜಾನ್ ಲೂಯಿಸ್ ಒಬ್ಬರು. ನ್ಯಾಶ್‌ವಿಲ್‌ನಲ್ಲಿ ಅವರಿಗೆ ಅಹಿಂಸೆಯ ತಾಲೀಮು ಕೊಟ್ಟ ಜೇಮ್ಸ್ ಲಾಸನ್ ನಾಗಪುರದ ಹಿಸ್ಲಾಪ್ ಕಾಲೇಜಿನಲ್ಲಿದ್ದು ಗಾಂಧಿಯನ್ನು ಓದಿ ಬಂದವರು. 1960ರ ಫೆಬ್ರವರಿಯಲ್ಲಿ ಆ ತಾಲೀಮು ನ್ಯಾಶ್‌ವಿಲ್‌ನ ಕೌಂಟರುಗಳಿಗೆ ಇಳಿಯಿತು. ಚಾಕೊಲೇಟ್ ಮಾಲ್ಟೆಡ್ ಮಿಲ್ಕ್‌ಶೇಕಿಗೆ ಹೆಸರಾದ ವಾಲ್‌ಗ್ರೀನ್ಸ್ ಕಂಪನಿಯ ಅಂಗಡಿಯನ್ನೂ ಬಿಡಲಿಲ್ಲ. ಮೇ 10ಕ್ಕೆ ಅಲ್ಲಿನ ಪೇಟೆಯ ಕೌಂಟರುಗಳು ಎಲ್ಲರಿಗೂ ತೆರೆದವು. ತಮ್ಮ ನೆನಪುಗಳನ್ನು ಹೇಳಲು ಜಾನ್ ಲೂಯಿಸ್ ಕಡೆಗೆ ಆರಿಸಿಕೊಂಡದ್ದೂ ಕಾಮಿಕ್ಸ್ ರೂಪವನ್ನೇ; ಅದರ ಮೂರನೆಯ ಸಂಪುಟಕ್ಕೆ 2016ರಲ್ಲಿ ನ್ಯಾಷನಲ್ ಬುಕ್ ಅವಾರ್ಡ್ ಬಂತು.

ಅದೇ 1960ರ ಫೆಬ್ರವರಿ 1ರಂದು ಗ್ರೀನ್ಸ್‌ಬರೊದ ವೂಲ್‌ವರ್ತ್ ಅಂಗಡಿಯಲ್ಲಿ ಕೂತ ನಾಲ್ವರು ವಿದ್ಯಾರ್ಥಿಗಳು ಮೊದಲು ಟೂತ್‌ಪೇಸ್ಟು ಮೊದಲಾದ ಸಾಮಾನು ಕೊಂಡು ರಸೀತಿ ಇಟ್ಟುಕೊಂಡಿದ್ದರು. ಒಂದು ಕೌಂಟರಿನಲ್ಲಿ ನಡೆದ ತಮ್ಮ ಕಾಸು ಪಕ್ಕದ ಕೌಂಟರಿನಲ್ಲಿ ಏಕೆ ನಡೆಯದು ಎಂದು ಕೇಳಲು. ಆ ಕೌಂಟರಿನ ಒಂದು ಭಾಗ, ನಾಲ್ಕು ಸ್ಟೂಲುಗಳ ಸಮೇತ, ಈಗ ವಾಷಿಂಗ್ಟನ್ನಿನ ಸ್ಮಿತ್ಸೋನಿಯನ್ ಮ್ಯೂಸಿಯಮ್ಮಿನಲ್ಲಿದೆ. ನಾಲ್ವರಲ್ಲಿ ಒಬ್ಬರಾದ ಜೋಸೆಫ್ ಮೆಕ್‌ನೀಲ್, ಎಲ್ಲರಿಗೂ ಬಡಿಸಲು ಶುರುವಾದ ಮೇಲೆ ಅಲ್ಲಿಗೆ ಹೋಗಿ ಕೂತು ಕಾಫಿ ಕುಡಿದರು, ಆ್ಯಪಲ್ ಪೈ ತಿಂದರು. ಎರಡೂ ಅಷ್ಟೇನೂ ಚೆನ್ನಾಗಿರಲಿಲ್ಲವಂತೆ.