ಕಾರಣಿಕ ಕೇಳಿದ ಮೇಲೆ

ದಸರೆ ಬಂತೆಂದರೆ ಮೇಡ್ಲೇರಿ ಸೀಮೆಯ ರೈತರ ಕಿವಿ ದೇವರಗುಡ್ಡದ ಕಡೆ. ರಾಣೆಬೆನ್ನೂರು ತಾಲ್ಲೂಕಿನ ಈ ಗುಡ್ಡದಲ್ಲಿ ಮಾಲತೇಶ ದೇವರ ಕಾರಣಿಕ, ಅಂದರೆ ಭವಿಷ್ಯವಾಣಿ, ಆಗುತ್ತದೆ. ಉಪವಾಸವಿದ್ದ ಗೊರವಯ್ಯ ಎತ್ತರದ ಬಿಲ್ಲನ್ನೇರಿ ‘ಸದ್ದಲೇ’ ಎಂದು ಗದರಿದರೆ ನೆರೆದ ಸಾವಿರಾರು ಜನ ಗಪ್‌ಚುಪ್. ಒಂದೇ ಸಾಲು ನುಡಿದು ಮೇಲಿನಿಂದ ಬೀಳುತ್ತಾನೆ, ಕೆಳಗಿದ್ದವರು ಹಿಡಿದುಕೊಳ್ಳುತ್ತಾರೆ. ಆ ಸಾಲಿನಲ್ಲಿ ಊರ ಹೆಸರಿಲ್ಲ, ತಿಂಗಳಿಲ್ಲ. ಗುಡ್ಡ ಇಳಿಯುವಷ್ಟರಲ್ಲಿ ಅದಕ್ಕೆ ಗೋವಿನಜೋಳದ ಅರ್ಥ ಬೇರೆ, ಹತ್ತಿಯ ಅರ್ಥ ಬೇರೆ, ವಿಧಾನಸೌಧದ ಅರ್ಥ ಬೇರೆ.

ತುಂಗಭದ್ರೆಯ ಆಚೆ ದಡದ ಮೈಲಾರದಲ್ಲಿ 2023ರ ಭರತ ಹುಣ್ಣಿಮೆಯ ಹೊತ್ತಿಗೆ ಬಂದ ಕಾರಣಿಕದ ನುಡಿ ಅಂಬಲಿ ಹಳಸಿದ್ದರ, ಕಂಬಳಿ ಬೀಸಿದ್ದರ ಬಗ್ಗೆ. ಚುನಾವಣೆಯ ವರ್ಷ, ಜನ ಅದರಲ್ಲಿ ರಾಜಕೀಯ ಹುಡುಕಿದರು. ಮೇ ತಿಂಗಳಲ್ಲಿ ಸರ್ಕಾರ ಬದಲಾಯಿತು. ಅದೇ ವರ್ಷ ಮಳೆ ಕೈಕೊಟ್ಟು ರಾಜ್ಯದ 223 ತಾಲ್ಲೂಕುಗಳು ಬರಪೀಡಿತವೆಂದು ಘೋಷಣೆಯಾದವು. ಹಳಸಿದ ಅಂಬಲಿಗೆ ಆ ಅರ್ಥವನ್ನೂ ಹಚ್ಚಬಹುದಿತ್ತು. ಆದದ್ದೆಲ್ಲ ಆದಮೇಲೆ ಕಾರಣಿಕ ಸುಳ್ಳಾಗುವುದು ಕಷ್ಟ.

ಗ್ರೀಕರ ಡೆಲ್ಫಿಯಲ್ಲೂ ಇಂಥದೇ ಪೀಠವಿತ್ತು. ಸೊಫೊಕ್ಲೀಸ್ ಕ್ರಿ.ಪೂ. 5ನೇ ಶತಮಾನದಲ್ಲಿ ಬರೆದ ‘ಈಡಿಪಸ್’ ನಿಂತಿರುವುದು ಅಲ್ಲಿಯ ನುಡಿಯ ಮೇಲೆ. ಪಿ. ಲಂಕೇಶ್ ಅದನ್ನು ಕನ್ನಡಕ್ಕೆ ತಂದರು. 1972ರಲ್ಲಿ ಬಿ.ವಿ. ಕಾರಂತರು ಬೆಂಗಳೂರಿನ ರವೀಂದ್ರ ಕಲಾಕ್ಷೇತ್ರದ ಹಿಂದಿನ ಬಯಲಲ್ಲಿ ಆಡಿಸಿದಾಗ ಈಡಿಪಸ್ ಆಗಿದ್ದವರು ಗಿರೀಶ ಕಾರ್ನಾಡ.

ತಂದೆಯನ್ನು ಕೊಂದು ತಾಯಿಯನ್ನು ಮದುವೆಯಾಗುವವನ ಕತೆಗೆ ‘ಹಣೆಬರಹ’ ಎಂದುಬಿಡುವುದು ನಮಗೆ ಸಲೀಸು. ಆದರೆ ನಮ್ಮ ಹಣೆಬರಹದ ಹಿಂದೆ ಕರ್ಮದ ಲೆಕ್ಕವಿದೆ. ಈ ಜನ್ಮದ್ದಲ್ಲದಿದ್ದರೆ ಹಿಂದಿನದು, ಸಾಲ ಮಾಡಿದವನು ತಾನೇ. ಈಡಿಪಸನಿಗೆ ಆ ಸಮಾಧಾನವೂ ಇಲ್ಲ. ಹುಟ್ಟುವ ಮೊದಲೇ ಶಿಕ್ಷೆ ಬರೆದಾಗಿದೆ, ತಪ್ಪು ಯಾವುದೆಂದು ಯಾರೂ ಹೇಳುವುದಿಲ್ಲ.

ಹಾಗಾದರೆ ಅವನು ಬರೀ ಗೊಂಬೆಯೇ? ನಾಟಕದ ಒಂದು ಸಣ್ಣ ವಿವರ ಬೇರೆ ಮಾತು ಹೇಳುತ್ತದೆ. ಔತಣದಲ್ಲಿ ಕುಡಿದವನೊಬ್ಬ, ನೀನು ಕೊರಿಂತ್ ದೊರೆಯ ಮಗನಲ್ಲ ಎಂದು ಹಂಗಿಸಿದ್ದರಿಂದಲೇ ಈಡಿಪಸ್ ಡೆಲ್ಫಿಗೆ ಹೋದದ್ದು. ಅವನು ಕೇಳಲು ಹೋದದ್ದು ತಂದೆತಾಯಿ ಯಾರು ಎಂಬುದನ್ನು. ಅಲ್ಲಿಯ ದೇವರು ಅಪೊಲೊ ಅದಕ್ಕೆ ಉತ್ತರ ಕೊಡದೆ ಭವಿಷ್ಯ ಹೇಳಿ ಕಳಿಸಿದ. ಹೆದರಿದ ಹುಡುಗ ತನ್ನ ಪ್ರಶ್ನೆಯನ್ನೇ ಮರೆತ! ಕೊರಿಂತ್‌ನವರೇ ಹೆತ್ತವರೆಂದು ನಂಬಿ ಆ ಊರು ಬಿಟ್ಟ. ಮೂರು ದಾರಿ ಕೂಡುವಲ್ಲಿ ತನ್ನನ್ನು ಹೊಡೆದ ಮುದುಕನನ್ನು ಕೊಂದ, ಥೀಬ್ಸ್‌ಗೆ ಬಂದು ವಿಧವೆ ರಾಣಿಯ ಕೈಹಿಡಿದ. ಅನುಮಾನವನ್ನು ಜೊತೆಗಿಟ್ಟುಕೊಂಡವನು ವಯಸ್ಸಾದವರ ಮೇಲೆ ಅಷ್ಟು ಸುಲಭಕ್ಕೆ ಕೈ ಎತ್ತುತ್ತಿರಲಿಲ್ಲ.

ಬಿಟ್ಟ ಪ್ರಶ್ನೆ ವರ್ಷಗಳ ಮೇಲೆ, ಊರಿಗೆ ಪಿಡುಗು ಬಂದಾಗ, ವಾಪಸು ಬರುತ್ತದೆ. ಈ ಸಲ ಅವನು ಬಿಡುವುದಿಲ್ಲ. ಕೆದಕಬೇಡವೆಂದು ರಾಣಿ ಜೊಕಾಸ್ತ ಬೇಡಿಕೊಳ್ಳುತ್ತಾಳೆ, ಹುಟ್ಟಿನ ಗುಟ್ಟು ಬಲ್ಲ ಮುದಿ ಕುರಿಗಾಹಿ ಬಾಯಿ ಬಿಡಲೊಲ್ಲ. ಅವನ ಕೈ ಹಿಂದಕ್ಕೆ ತಿರುಚಿಸಿಯಾದರೂ ಈಡಿಪಸ್ ನಿಜ ಹೊರಡಿಸುತ್ತಾನೆ. ವಿಧಿ ಮಾಡಿಸಿದ ಪಾತಕಕ್ಕಿಂತ ಈ ಹಟವೇ ಅವನದು. ಕಣ್ಣು ಕಿತ್ತುಕೊಂಡ ಮೇಲೆ ಅವನೂ ಅದನ್ನೇ ವಿಂಗಡಿಸಿ ಹೇಳುತ್ತಾನೆ: ನೋವು ತಂದದ್ದು ಅಪೊಲೊ, ಇರಿದ ಕೈ ಮಾತ್ರ ತನ್ನದು.

ಕೊನೆಗೆ, ಥೀಬ್ಸ್‌ನ ಹಿಂದಿನ ದೊರೆಯನ್ನು ಕೊಂದವನಿಗೆ ತಾನೇ ಸಾರಿದ್ದ ಗಡೀಪಾರನ್ನು ತನಗೆ ಈಗಲೇ ಕೊಡಿ ಎಂದು ಕೇಳುತ್ತಾನೆ. ಹೊಸ ದೊರೆ ಕ್ರೆಯಾನ್ ಒಪ್ಪುವುದಿಲ್ಲ. ಇಷ್ಟೆಲ್ಲ ಆದಮೇಲೂ ಅವನು ಹೇಳುವುದು, ಮೊದಲು ದೇವರನ್ನು ಇನ್ನೊಮ್ಮೆ ಕೇಳಿಸೋಣ ಎಂದು.