ಹಡ್ಲಿನ ಮಡಿ

ಶಿವರಾತ್ರಿಗೆ ಕೊಡಗಿನ ಇರ್ಪು ಜಲಪಾತದಡಿ ಮೀಯಲು ಬರುವವರು ಲಕ್ಷ್ಮಣತೀರ್ಥದ ನೀರು ಪಾಪ ತೊಳೆಯುತ್ತದೆಂದು ನಂಬಿ ಬರುತ್ತಾರೆ. ಕುಟ್ಟದ ಕಡೆಯ ಬ್ರಹ್ಮಗಿರಿ ಸಾಲಿನಲ್ಲಿ ಹುಟ್ಟಿ ಕಾವೇರಿಯನ್ನು ಸೇರುವ ಹೊಳೆ ಇದು. ಆ ನಂಬಿಕೆ ನಿಜವೋ ಅಲ್ಲವೋ ಎಂಬ ಚರ್ಚೆಗೆ ನಾನು ಇಳಿಯುತ್ತಿಲ್ಲ. ಹರಿಯುವ ತಿಳಿನೀರು ತೀರ್ಥ, ನಿಂತ ಕೆಸರುನೀರು ಮೈಲಿಗೆ ಎಂದು ನಾವು ಎಳೆದುಕೊಂಡಿರುವ ಗೆರೆಯ ಬಗ್ಗೆ ಮಾತ್ರ ನನ್ನ ತಕರಾರು. ಶಿವರಾತ್ರಿ ಬರುವ ಹೊತ್ತಿಗೆ ಮಳೆಗಾಲ ಮುಗಿದು ತಿಂಗಳುಗಳೇ ಕಳೆದಿರುತ್ತವೆ. ಆಗ ತಲೆಯ ಮೇಲೆ ಬೀಳುವ ನೀರನ್ನು ಅಲ್ಲಿಯವರೆಗೆ ಹಿಡಿದಿಟ್ಟು ಜಿನುಗಿಸಿದ್ದು ಬೆಟ್ಟದ ಶೋಲಾ ಕಾಡು, ಹುಲ್ಲುಗಾವಲು, ಅವುಗಳ ನಡುವಿನ ತಗ್ಗುಗಳ ಒದ್ದೆ ನೆಲ. ತೀರ್ಥ ಪವಿತ್ರವಾದರೆ ಅದನ್ನು ಕಾದಿಟ್ಟ ಕೆಸರನ್ನು ಮೈಲಿಗೆ ಎನ್ನಲು ಆಧಾರವಿಲ್ಲ.

ಕುಟ್ಟದಿಂದ ನಾಗರಹೊಳೆಯ ಕಾಡಿಗೆ ಹೊಕ್ಕರೆ ಮರಗಳ ನಡುವೆ ಥಟ್ಟನೆ ಬಯಲಾಗಿ ತೆರೆದುಕೊಳ್ಳುವ ತಗ್ಗುಗಳಿವೆ. ಅವೇ ಹಡ್ಲು, ಗಡಿಯಾಚೆ ವಯನಾಡಿನಲ್ಲಿ ವಯಲ್. ಜಿಗುಟು ಮಣ್ಣಿನಲ್ಲಿ ನೀರು ನಿಂತು ಬೇರಿಗೆ ಉಸಿರು ಸಿಗದ ಕಾರಣ ಅಲ್ಲಿ ಮರ ಏಳುವುದಿಲ್ಲ. ಹುಲ್ಲು, ಜೇಕು, ಜೊಂಡು ಏಳುತ್ತವೆ. ಸುತ್ತಲ ಕಾಡು ಎಲೆಯುದುರಿಸಿ ನಿಂತ ಬೇಸಿಗೆಯಲ್ಲೂ ಹಡ್ಲು ಹಸಿರಾಗಿರುವುದರಿಂದ ಆನೆ, ಕಾಟಿ, ಜಿಂಕೆಗಳು ಅಲ್ಲಿಗೇ ಬರುತ್ತವೆ. ಭಾರೀ ಮಳೆ ಸುಣ್ಣದಂಥ ಲವಣಗಳನ್ನು ತೊಳೆದೊಯ್ಯುವುದರಿಂದ ಘಟ್ಟದ ಮಣ್ಣು ಸಾಮಾನ್ಯವಾಗಿ ಹುಳಿ, ಸಾರವೂ ಕಡಿಮೆ. ಘಟ್ಟದ ಇಂಥ ಬಡ ಒದ್ದೆ ನೆಲಗಳಲ್ಲಿ ಡ್ರಾಸೆರಾ ಎಂಬ ಪುಟ್ಟ ಗಿಡ ಬೆಳೆಯುತ್ತದೆ. ಅದರ ಎಲೆಯ ತುಂಬ ಕೆಂಪು ರೋಮಗಳು, ಪ್ರತಿ ರೋಮದ ತುದಿಗೊಂದು ಅಂಟಿನ ಹನಿ. ಹನಿಯನ್ನು ಮುಟ್ಟಿದ ಸೊಳ್ಳೆ ಸಿಕ್ಕಿಬೀಳುತ್ತದೆ, ಸುತ್ತಲ ರೋಮಗಳು ನಿಧಾನವಾಗಿ ಅದರತ್ತ ಬಾಗುತ್ತವೆ, ಮಣ್ಣು ಕೊಡದ ಸಾರಜನಕವನ್ನು ಗಿಡ ಆ ಸೊಳ್ಳೆಯಿಂದ ಪಡೆಯುತ್ತದೆ. ಕೊರತೆಯಲ್ಲೇ ಬದುಕಲು ಕಲಿತ ಇಂಥ ಗಿಡಗಳ ಊರನ್ನು ನಾವು ಪಾಳು ಎನ್ನುತ್ತೇವೆ.

ಜೌಗನ್ನು ಹೀಗಳೆಯುವವರ ಮುಖ್ಯ ಆರೋಪ, ಅಲ್ಲಿ ಎಲ್ಲವೂ ಕೊಳೆಯುತ್ತದೆ ಎಂಬುದು. ನಿಜ ಇದಕ್ಕೆ ತದ್ವಿರುದ್ಧ. ನೀರು ತುಂಬಿದ ನೆಲಕ್ಕೆ ಆಮ್ಲಜನಕ ಇಳಿಯುವುದಿಲ್ಲ. ಹುಳಿ ಹೆಚ್ಚಿದಷ್ಟೂ ಕೊಳೆಸುವ ಜೀವಾಣುಗಳು ಸೋಲುತ್ತವೆ. ಸತ್ತ ಜೇಕು, ಹಾವಸೆಗಳು ಅರೆಬರೆ ಉಳಿದು ಪದರಪದರವಾಗಿ ಪೀಟ್ ಆಗುತ್ತವೆ. ಹಡ್ಲಿನ ಜೇಡಿ ಪೀಟ್ ಅಲ್ಲ, ಆದರೆ ನೀಲಗಿರಿಯ ಎತ್ತರದ ಜೌಗುಗಳಲ್ಲಿ ಅದು ಧಾರಾಳವಾಗಿದೆ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ರಾಮನ್ ಸುಕುಮಾರ್ ಮತ್ತು ಸಂಗಡಿಗರು ಆ ಪೀಟನ್ನು ಪರೀಕ್ಷಿಸಿ, ಸುಮಾರು 20,000 ವರ್ಷಗಳ ಮಳೆ–ಬರಗಳ ಏರಿಳಿತವನ್ನು 1993ರಲ್ಲಿ ‘ನೇಚರ್’ ಪತ್ರಿಕೆಯಲ್ಲಿ ಪ್ರಕಟಿಸಿದರು. ಡೆನ್ಮಾರ್ಕಿನ ಹಾವಸೆ ಜೌಗಿನಲ್ಲಿ 1950ರಲ್ಲಿ ಸಿಕ್ಕ ಟೋಲಂಡ್ ಮನುಷ್ಯನ ದೇಹ ಎರಡು ಸಾವಿರಕ್ಕೂ ಹೆಚ್ಚು ವರ್ಷ ಹಳೆಯದು. ಗಲ್ಲದ ಕುರುಚಲು ಕೂದಲೂ ಹಾಗೇ ಇತ್ತು. ಅವನನ್ನು ದೇವತೆಗೆ ಬಲಿಯಾಗಿ ಜೌಗಿಗೆ ಒಪ್ಪಿಸಿರಬೇಕೆಂದು ಬಹಳ ವಿದ್ವಾಂಸರ ಊಹೆ. ಆ ಬಲಿ ಘೋರ, ಅದನ್ನು ಹೊಗಳಲಾರೆ. ಆದರೂ ಜೌಗಿನಲ್ಲಿ ದೈವವನ್ನು ಕಂಡ ಜನ ಇದ್ದರೆಂಬುದಕ್ಕೆ ಅದು ಸಾಕ್ಷಿ. ಕೊಳೆಯುವುದೇ ಮೈಲಿಗೆಯ ಲಕ್ಷಣವಾದರೆ ಹುಳಿಜೌಗಿನಷ್ಟು ಮಡಿ ಕಾಯುವ ಜಾಗ ಬೇರೆ ಸಿಗುವುದು ಕಷ್ಟ.

ಇದು ಧರ್ಮವನ್ನು ಜಲವಿಜ್ಞಾನಕ್ಕೆ ಇಳಿಸಿದಂತಾಯಿತು, ಉಪಯೋಗವೇ ಪಾವಿತ್ರ್ಯಕ್ಕೆ ಅಳತೆಗೋಲಾದರೆ ಅಣೆಕಟ್ಟಿಗೂ ಆರತಿ ಎತ್ತಬೇಕಾದೀತು ಎಂದು ಯಾರಾದರೂ ಕೇಳಬಹುದು. ನ್ಯಾಯವಾದ ಪ್ರಶ್ನೆ. ಆದರೆ ಇರ್ಪಿನಲ್ಲಿ ಕೈಮುಗಿಯುವವರು ಎಷ್ಟು ಲೀಟರ್ ನೀರು ಸಿಕ್ಕಿತೆಂದು ಲೆಕ್ಕ ಹಾಕಿ ಕೈಮುಗಿಯುವುದಿಲ್ಲ. ತಾವು ಮಾಡದ, ಮಾಡಲಾಗದ ಏನೋ ಒಂದು ತಮಗೆ ದಕ್ಕಿದೆ ಎಂಬ ಅರಿವಿನಿಂದ ಕೈಮುಗಿಯುತ್ತಾರೆ. ಅಣೆಕಟ್ಟು ನಮ್ಮ ಕೈಯ ಕೆಲಸ. ಜೌಗು ಹಾಗಲ್ಲ, ಬಗೆದು ತೆಗೆದ ಪೀಟನ್ನು ಯಾವ ಎಂಜಿನಿಯರೂ ಮರಳಿ ಕಟ್ಟಿಕೊಡಲಾರ.

ಇದಕ್ಕಿಂತ ಗಟ್ಟಿಯಾದ ಆಕ್ಷೇಪ ನಮ್ಮ ಕನ್ನಡದ್ದೇ. ನೀರನ್ನೂ ಮರವನ್ನೂ ಪೂಜಿಸುವ ಭಕ್ತಿಯನ್ನು ಬಸವಣ್ಣನವರು ನೇರವಾಗಿ ಪ್ರಶ್ನಿಸಿದರು. ನಶಿಸುವುದನ್ನು ನೆಚ್ಚಿದವರಿಗೆ ದೇವರು ತಿಳಿಯಲಾರನೆಂಬುದು ಅವರ ಮಾತಿನ ತಿರುಳು. ನಾನದನ್ನು ಪೂರ್ತಿ ಒಪ್ಪುತ್ತೇನೆ. ಹಡ್ಲು ದೇವರಲ್ಲ, ಅದಕ್ಕೊಂದು ಗುಡಿಯೂ ಬೇಡ. ಆದರೆ ನಶಿಸುವಂಥದ್ದು ಎಂದು ತಿಳಿದವನ ಮೇಲೆಯೇ ಅದನ್ನು ನಶಿಸಗೊಡದ ಹೊಣೆ ಹೆಚ್ಚು ಬೀಳುತ್ತದೆ. ದೇವರು ಬತ್ತುವುದಿಲ್ಲವೆಂಬ ಧೈರ್ಯದಲ್ಲಿ ಹೊಳೆಯನ್ನು ಬತ್ತಿಸಲು ಶರಣರು ಯಾರಿಗೂ ಪರವಾನಗಿ ಕೊಟ್ಟಿಲ್ಲ.

ಪಾವಿತ್ರ್ಯ ತಾನೇ ಏನನ್ನು ಉಳಿಸಿದೆ ಎನ್ನುವವರಿಗೆ ಉತ್ತರ ಕೊಡುವುದು ಸುಲಭವಲ್ಲ. ಸಾವಿರಕ್ಕೂ ಹೆಚ್ಚು ದೇವರಕಾಡುಗಳಿರುವ ಕೊಡಗಿನಲ್ಲೇ, ಇಪ್ಪತ್ತನೇ ಶತಮಾನದ ಆರಂಭದಲ್ಲಿ 6,000 ಹೆಕ್ಟೇರಿಗೂ ಮಿಕ್ಕಿದ್ದ ಅವುಗಳ ವಿಸ್ತೀರ್ಣ 1985ರ ಹೊತ್ತಿಗೆ ಸುಮಾರು 2,550ಕ್ಕೆ ಇಳಿದಿತ್ತು. ಉಳಿದದ್ದಾದರೂ ಉಳಿದದ್ದು ಹೇಗೆಂದು ನೋಡಬೇಕು. ಹತ್ತಿರ ಹೋಗಿ ಮುಟ್ಟುವ ಭಕ್ತಿಯೊಂದು, ದೂರ ನಿಂತು ಕೈ ಕಟ್ಟಿಕೊಳ್ಳುವ ಭಕ್ತಿ ಇನ್ನೊಂದು. ತೀರ್ಥಯಾತ್ರೆ ಮೊದಲನೆಯದು, ದೇವರಕಾಡು ಎರಡನೆಯದು. ಜೌಗಿಗೆ ಬೇಕಿರುವುದು ಈ ಎರಡನೆಯದೇ. ಜನಸಂದಣಿ ತುಳಿದರೆ ಜೌಗು ಹಾಳು. ಹಿರಿಯರೇ ಜೌಗನ್ನು ಗದ್ದೆ ಮಾಡಲಿಲ್ಲವೇ ಎಂದರೆ, ಮಾಡಿದರು ನಿಜ. ಆದರೆ ಗದ್ದೆಯಲ್ಲಿ ನೀರು ನಿಂತೇ ಇತ್ತು. ಸುಗ್ಗಿಹಬ್ಬ ಪುತ್ತರಿಯ ಕದಿರು ಬಂದದ್ದು ಆ ಕೆಸರಿನಿಂದಲೇ. ಶುಂಠಿಗೆಂದು ಗದ್ದೆಗೆ ಬಸಿಗಾಲುವೆ ತೋಡುವುದೂ ಮನೆ ಕಟ್ಟಲು ಮಣ್ಣು ತುಂಬುವುದೂ ಬೇರೆ ಜಾತಿಯ ಕೆಲಸ. ಕೊಡಗಿನ ಊರುಗಳಲ್ಲಿ ಹಬ್ಬಕ್ಕೆ ಮುನ್ನ ‘ಕಟ್ಟು’ ಎಂಬ ನಿಷೇಧ ಬಿದ್ದರೆ ಹಸಿಮರಕ್ಕೆ ಯಾರೂ ಕತ್ತಿ ಹಾಕುವುದಿಲ್ಲ. ಅದೇ ಕಟ್ಟಿನಲ್ಲಿ ಊರಿನ ಜೌಗನ್ನೂ ಸೇರಿಸಿ, ಅಲ್ಲಿ ಬಸಿಗಾಲುವೆ ತೋಡಬಾರದು, ಮಣ್ಣು ತುಂಬಬಾರದು ಎಂದು ಊರ ಮುಖ್ಯಸ್ಥರಾದ ತಕ್ಕರು ವರ್ಷವಿಡೀ ಸಲ್ಲುವಂತೆ ಹೇಳಬಹುದು.